ಶಿಯಾವ್: ಹೆತ್ತವರ ಋಣವೂ ಮಕ್ಕಳ ಮನಸ್ಸೂ



ಚೀನೀ ಲಿಪಿಯಲ್ಲಿ ಒಂದು ಅಕ್ಷರವಿದೆ. ಅದನ್ನು ‘ಶಿಯಾವ್’ ಎಂದು ಉಚ್ಚರಿಸುತ್ತಾರೆ. ಅದರ ಮೇಲ್ಭಾಗ ‘ವೃದ್ಧ’ ಎಂಬ ಅರ್ಥದ ಅಕ್ಷರದಿಂದ ಬಂದದ್ದು. ಕೆಳಭಾಗ ‘ಮಗು’ ಎಂಬ ಅಕ್ಷರ. ಮೇಲೆ ಹಿರಿಯರು, ಕೆಳಗೆ ಮಗು. ಈ ಅಕ್ಷರವನ್ನು ಎರಡು ಬಗೆಯಲ್ಲಿ ನೋಡಬಹುದು. ಮಗು ಹಿರಿಯರನ್ನು ಪ್ರೀತಿಯಿಂದ ಬೆನ್ನ ಮೇಲೆ ಹೊತ್ತುಕೊಂಡಿದೆ ಎನ್ನಬಹುದು. ಹಿರಿಯರ ಭಾರವೆಲ್ಲ ಮಗುವಿನ ಮೇಲೆ ಬಿದ್ದಿದೆ ಎಂದೂ ಹೇಳಬಹುದು.

ಶಿಯಾವ್ ಎಂದರೆ ಹೆತ್ತವರ ಬಗ್ಗೆ ಮಕ್ಕಳಿಗಿರಬೇಕಾದ ಪ್ರೀತಿ, ಗೌರವ, ಸೇವೆ, ವಿಧೇಯತೆ, ಅವರ ಮರಣಾನಂತರದ ನೆನಪು ಇಷ್ಟೂ ಸೇರಿದ ಒಂದು ಮಾತು. ಕನ್ನಡದಲ್ಲಿ ಮಾತಾಪಿತೃಭಕ್ತಿ ಎನ್ನಬಹುದಾದರೂ ಅದು ಪೂರ್ತಿ ಹೊಂದುವುದಿಲ್ಲ. ಎರಡೂವರೆ ಸಾವಿರ ವರ್ಷಗಳಿಂದ ಚೀನೀ ಕುಟುಂಬಗಳು ಈ ಒಂದು ಮಾತಿನ ಸುತ್ತ ನಿಂತಿವೆ. ಹಾಗಾದರೆ ಈ ಮೌಲ್ಯ ಮಕ್ಕಳ ಮನಸ್ಸಿಗೆ ಒಳ್ಳೆಯದು ಮಾಡುತ್ತದೆಯೇ, ಅಥವಾ ಹೊರೆಯಾಗುತ್ತದೆಯೇ? ಈ ಪ್ರಶ್ನೆಯನ್ನು ಮನಃಶಾಸ್ತ್ರಜ್ಞರು ಸುಮಾರು ನಾಲ್ಕು ದಶಕಗಳಿಂದ ಕೇಳುತ್ತಿದ್ದಾರೆ. ಅವರಿಗೆ ಸಿಕ್ಕ ಉತ್ತರ ಸ್ವಾರಸ್ಯಕರವಾಗಿದೆ. ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುವ ನನಗೆ ಅದು ಬಹಳ ಉಪಯೋಗಕ್ಕೆ ಬಂದಿದೆ. ನಿಮಗೂ ಬರಬಹುದು ಎಂದು ಇಲ್ಲಿ ವಿವರಿಸುತ್ತಿದ್ದೇನೆ.

ಹಳೆಯ ಗ್ರಂಥದಲ್ಲಿ ಇದ್ದದ್ದೇನು?

ಕನ್ಫ್ಯೂಷಿಯಸ್ ಕ್ರಿ.ಪೂ. 551ರಿಂದ 479ರವರೆಗೆ ಬದುಕಿದ್ದ ಗುರು. ಅವನು ಮತ್ತು ಅವನ ಶಿಷ್ಯ ಝೆಂಗ್‌ಜಿ ನಡುವಿನ ಸಂಭಾಷಣೆಯ ರೂಪದಲ್ಲಿ ‘ಶಿಯಾವ್ ಜಿಂಗ್’ ಎಂಬ ಗ್ರಂಥವಿದೆ. 18 ಅಧ್ಯಾಯಗಳಿದ್ದರೂ ಅದು ಕೆಲವೇ ಪುಟಗಳ ಚಿಕ್ಕ ಪುಸ್ತಕ. ಹಿಂದೆ ಚೀನಾದಲ್ಲಿ ಶಾಲೆಗೆ ಹೋಗುವ ಮಕ್ಕಳು ಮೊದಲಿಗೆ ಕಂಠಪಾಠ ಮಾಡುತ್ತಿದ್ದ ಪುಸ್ತಕಗಳಲ್ಲಿ ಇದೂ ಒಂದು.

ಶಿಯಾವ್ ಎಂದರೆ ತಂದೆ ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ಎಂದು ಅನೇಕರು ತಿಳಿದಿದ್ದಾರೆ. ಆದರೆ ಆ ಗ್ರಂಥದ 15ನೇ ಅಧ್ಯಾಯ ಬೇರೆಯೇ ಮಾತು ಹೇಳುತ್ತದೆ. ತಂದೆಯ ಆಜ್ಞೆಯನ್ನು ಪಾಲಿಸಿದರೆ ಅದೇ ಶಿಯಾವ್ ಆಗುತ್ತದೆಯೇ ಎಂದು ಶಿಷ್ಯ ಕೇಳುತ್ತಾನೆ. ಗುರು ಅದನ್ನು ಒಪ್ಪುವುದಿಲ್ಲ. ತಂದೆ ತಪ್ಪು ದಾರಿ ಹಿಡಿದಾಗ ಅದನ್ನು ಹೇಳಿ ತಿದ್ದುವುದು ಮಗನ ಕರ್ತವ್ಯ, ಸುಮ್ಮನೆ ಪಾಲಿಸುವುದು ಶಿಯಾವ್ ಆಗಲಾರದು ಎಂಬುದು ಅಲ್ಲಿನ ನಿಲುವು. ಹೇಳುವ ರೀತಿ ಮೃದುವಾಗಿರಬೇಕು, ಗೌರವ ಕೆಡಬಾರದು ಎಂಬುದನ್ನೂ ಕನ್ಫ್ಯೂಷಿಯಸ್ ಬೇರೆಡೆ ಕಲಿಸಿದ್ದಾನೆ.

ಇದೇ ಝೆಂಗ್‌ಜಿಯ ಬಗ್ಗೆ ಒಂದು ಹಳೆಯ ಕಥೆಯಿದೆ. ಹೊಲದಲ್ಲಿ ಕಳೆ ಕೀಳುವಾಗ ಅವನು ಆಕಸ್ಮಿಕವಾಗಿ ಕಲ್ಲಂಗಡಿ ಜಾತಿಯ ಬಳ್ಳಿಯೊಂದರ ಬೇರು ಕತ್ತರಿಸಿಬಿಟ್ಟ. ಸಿಟ್ಟಿಗೆದ್ದ ತಂದೆ ದೊಡ್ಡ ದೊಣ್ಣೆಯಿಂದ ಹೊಡೆದ. ಮಗ ಓಡಲಿಲ್ಲ. ಪ್ರಜ್ಞೆ ತಪ್ಪಿ ಬಿದ್ದ. ಎಚ್ಚರವಾದ ಮೇಲೆ ತನಗೆ ಏನೂ ಆಗಿಲ್ಲವೆಂದು ತಂದೆಗೆ ತಿಳಿಯಲಿ ಎಂದು ತಂತಿವಾದ್ಯ ನುಡಿಸುತ್ತಾ ಹಾಡಿದ. ಕೇಳುವವರಿಗೆ ಇದು ಶಿಯಾವ್‌ನ ಪರಮಾವಧಿ ಅನ್ನಿಸಬಹುದು. ಕನ್ಫ್ಯೂಷಿಯಸ್‌ಗೆ ಹಾಗೆ ಅನ್ನಿಸಲಿಲ್ಲ. ಅವನು ಶಿಷ್ಯನ ಮೇಲೆ ಬೇಸರಪಟ್ಟುಕೊಂಡ. ಸಣ್ಣ ಕೋಲಾದರೆ ತಡೆದುಕೊಳ್ಳಬಹುದು, ದೊಡ್ಡ ದೊಣ್ಣೆಯಾದರೆ ಓಡಿಹೋಗಬೇಕು. ನೀನು ಸತ್ತಿದ್ದರೆ ನಿನ್ನ ತಂದೆ ಕೊಲೆಗಾರನಾಗುತ್ತಿದ್ದ, ಅದಕ್ಕಿಂತ ದೊಡ್ಡ ದ್ರೋಹ ಯಾವುದು ಎಂಬುದು ಅವನ ತರ್ಕ.

ಸಣ್ಣ ಕೋಲನ್ನೂ ನಾವು ಇಂದು ಒಪ್ಪುವುದಿಲ್ಲ, ಅದು ಬೇರೆ ಮಾತು. ಆದರೆ ಕಥೆಯ ತಿರುಳನ್ನು ಗಮನಿಸಿ. ಮಗ ತನ್ನನ್ನು ತಾನು ಕಾಪಾಡಿಕೊಳ್ಳುವುದೂ ಹೆತ್ತವರಿಗೆ ಸಲ್ಲಿಸುವ ಸೇವೆಯ ಒಂದು ಭಾಗ ಎಂದು ಅದು ಹೇಳುತ್ತದೆ.

ಚೀನೀ ಮುಸ್ಲಿಮರ ಬರಹದಲ್ಲಿಯೂ ಇದೇ ಎರಡು ಬದಿಯ ಹೊಣೆ ಕಾಣುತ್ತದೆ. 17ನೇ ಶತಮಾನದ ಕೊನೆ ಮತ್ತು 18ನೇ ಶತಮಾನದ ಆರಂಭದಲ್ಲಿ ನಾನ್‌ಜಿಂಗ್ ನಗರದಲ್ಲಿ ಲಿಯು ಜಿ ಎಂಬ ವಿದ್ವಾಂಸರಿದ್ದರು. ಅರಬ್ಬಿ ಮತ್ತು ಪಾರ್ಸಿ ಗ್ರಂಥಗಳನ್ನು ಓದಿ, ಇಸ್ಲಾಮಿನ ವಿಧಿಗಳನ್ನು ಚೀನೀ ಭಾಷೆಯಲ್ಲಿ, ಕನ್ಫ್ಯೂಷಿಯಸ್ ಪರಂಪರೆಯ ಓದುಗರಿಗೆ ಅರ್ಥವಾಗುವ ಮಾತುಗಳಲ್ಲಿ ವಿವರಿಸಿದವರು ಅವರು. ಅವರ ‘ತಿಯೆನ್‌ಫಾಂಗ್ ದಿಯೆನ್‌ಲಿ’ ಎಂಬ ಗ್ರಂಥ ಮನುಷ್ಯನ ಐದು ಸಂಬಂಧಗಳ ಬಗ್ಗೆ ಹೇಳುವಾಗ ಮಗನ ಕರ್ತವ್ಯವನ್ನು ಮಾತ್ರ ಬರೆದು ಸುಮ್ಮನಾಗುವುದಿಲ್ಲ, ತಂದೆಯ ಕರ್ತವ್ಯವನ್ನೂ ಪ್ರತ್ಯೇಕವಾಗಿ ಹೇಳುತ್ತದೆ.

ಕಥೆಗಳು ಬೇರೆ ಪಾಠ ಕಲಿಸಿದವು

ಗ್ರಂಥದಲ್ಲಿ ಹೀಗಿದ್ದರೂ ಸಮಾಜದಲ್ಲಿ ಶಿಯಾವ್ ನಿಧಾನವಾಗಿ ಗಟ್ಟಿಯಾಗುತ್ತಾ ಹೋಯಿತು. ಅರಸರಿಗೆ ಅದು ಅನುಕೂಲವೂ ಆಗಿತ್ತು. ಮನೆಯಲ್ಲಿ ತಂದೆಗೆ ತಲೆಬಾಗುವವನು ರಾಜ್ಯದಲ್ಲಿ ಅರಸನಿಗೂ ತಲೆಬಾಗುತ್ತಾನಲ್ಲವೇ? ಕ್ರಿ.ಶ. 653ರ ತಾಂಗ್ ರಾಜವಂಶದ ದಂಡಸಂಹಿತೆಯಲ್ಲಿ ಕ್ಷಮೆಯಿಲ್ಲದ ಹತ್ತು ಮಹಾಪರಾಧಗಳ ಪಟ್ಟಿಯಿದೆ. ರಾಜದ್ರೋಹದ ಜೊತೆಗೆ ಶಿಯಾವ್ ಇಲ್ಲದಿರುವುದೂ ಆ ಪಟ್ಟಿಯಲ್ಲಿ ಸೇರಿತ್ತು. ಹೆತ್ತವರು ತೀರಿಕೊಂಡರೆ ಸರ್ಕಾರಿ ಅಧಿಕಾರಿ ಹುದ್ದೆ ಬಿಟ್ಟು ಎರಡು ವರ್ಷಕ್ಕೂ ಹೆಚ್ಚು ಕಾಲ ಶೋಕ ಆಚರಿಸಬೇಕಿತ್ತು.

ಮಕ್ಕಳಿಗೆ ಶಿಯಾವ್ ಕಲಿಸಲು ಯುವಾನ್ ರಾಜವಂಶದ ಕಾಲದಲ್ಲಿ ‘ಇಪ್ಪತ್ನಾಲ್ಕು ಆದರ್ಶ ಮಕ್ಕಳು’ ಎಂಬ ಕಥಾಸಂಗ್ರಹ ಸಿದ್ಧವಾಯಿತು. ಅದರಲ್ಲಿ ವು ಮೆಂಗ್ ಎಂಬ ಎಂಟು ವರ್ಷದ ಬಡ ಹುಡುಗ ಸೊಳ್ಳೆಗಳು ಹೆತ್ತವರನ್ನು ಕಚ್ಚದಿರಲಿ ಎಂದು ತಾನೇ ಬರಿಮೈಯಲ್ಲಿ ಮಲಗಿ ಕಚ್ಚಿಸಿಕೊಳ್ಳುತ್ತಾನೆ. ವಾಂಗ್ ಶಿಯಾಂಗ್ ಎಂಬವನು ಮಲತಾಯಿಗೆ ಮೀನು ಬೇಕೆಂದು ಹೆಪ್ಪುಗಟ್ಟಿದ ನದಿಯ ಮಂಜಿನ ಮೇಲೆ ಮಲಗುತ್ತಾನೆ. ಗುವೊ ಜು ಎಂಬವನ ಕಥೆ ಇನ್ನೂ ಭೀಕರ. ಮನೆಯಲ್ಲಿ ಊಟಕ್ಕೆ ಸಾಲದು, ಅಜ್ಜಿ ತನ್ನ ಪಾಲನ್ನು ಮೊಮ್ಮಗನಿಗೆ ಕೊಡುತ್ತಾಳೆ. ತಾಯಿಯನ್ನು ಉಳಿಸಲು ಗುವೊ ಜು ತನ್ನ ಮಗುವನ್ನೇ ಜೀವಂತ ಹೂಳಲು ಗುಂಡಿ ತೋಡುತ್ತಾನೆ. ಗುಂಡಿಯಲ್ಲಿ ಬಂಗಾರ ಸಿಕ್ಕಿ ಮಗು ಉಳಿಯುತ್ತದೆ.

ಆಧುನಿಕ ಚೀನೀ ಸಾಹಿತ್ಯದ ದೊಡ್ಡ ಹೆಸರಾದ ಲು ಶುನ್ 1926ರಲ್ಲಿ ಈ ಪುಸ್ತಕದ ಬಗ್ಗೆ ಒಂದು ಪ್ರಬಂಧ ಬರೆದರು. ಬಾಲ್ಯದಲ್ಲಿ ಗುವೊ ಜು ಕಥೆ ಓದಿದ ಮೇಲೆ ತಾವು ಒಳ್ಳೆಯ ಮಗನಾಗುವ ಆಸೆಯನ್ನೇ ಬಿಟ್ಟದ್ದಷ್ಟೇ ಅಲ್ಲ, ತಮ್ಮ ತಂದೆ ಒಳ್ಳೆಯ ಮಗನಾಗಿಬಿಟ್ಟರೆ ತಮ್ಮ ಗತಿಯೇನು ಎಂದು ಭಯಪಟ್ಟದ್ದಾಗಿಯೂ ಅದರಲ್ಲಿ ನೆನೆಯುತ್ತಾರೆ. ಮನೆಯಲ್ಲಿ ಬಡತನ, ಜೊತೆಗೆ ಅಜ್ಜಿ ಬೇರೆ ಇದ್ದಾಳೆ! ಓದಿದರೆ ನಗು ಬರುತ್ತದೆ. ಆದರೆ ಆ ನಗುವಿನ ಹಿಂದೆ ಒಂದು ಮಗುವಿನ ನಿಜವಾದ ಹೆದರಿಕೆಯಿದೆ. ಹಿರಿಯರಿಗಾಗಿ ಕಿರಿಯರ ಬಲಿ ಆಗಬಹುದು ಎಂದು ಕಲಿಸುವ ಕಥೆ ಪ್ರೀತಿಯನ್ನು ಬೆಳೆಸುವುದಿಲ್ಲ ಎಂಬುದನ್ನು ಅವರು ತೋರಿಸಿಕೊಟ್ಟರು.

ಮುಂದೆ 1966ರಿಂದ 1976ರವರೆಗಿನ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಚೀನಾ ಇದರ ತೀರ ವಿರುದ್ಧ ತುದಿಗೆ ಹೋಯಿತು. ಹಳೆಯ ಮೌಲ್ಯಗಳೆಲ್ಲ ಶತ್ರುಗಳಾದವು. ಮಕ್ಕಳು ಹೆತ್ತವರನ್ನೇ ಸಾರ್ವಜನಿಕವಾಗಿ ಖಂಡಿಸಿದ ಘಟನೆಗಳು ನಡೆದವು. ಆ ಗಾಯ ಅನೇಕ ಕುಟುಂಬಗಳಲ್ಲಿ ಬಹುಕಾಲ ಮಾಯಲಿಲ್ಲ. ಕುರುಡು ವಿಧೇಯತೆಗೆ ಮದ್ದು ಪ್ರೀತಿಯನ್ನೂ ಕಿತ್ತೆಸೆಯುವುದಲ್ಲ ಎಂಬುದಕ್ಕೆ ಆ ಹತ್ತು ವರ್ಷಗಳೇ ಸಾಕ್ಷಿ.

ಒಂದು ಮಗು, ಆರು ಹಿರಿಯರು

1980ರ ಹೊತ್ತಿಗೆ ಚೀನಾ ಸರ್ಕಾರ ಒಂದು ಕುಟುಂಬಕ್ಕೆ ಒಂದೇ ಮಗು ಎಂಬ ನೀತಿ ತಂದಿತು. 2016ರ ಜನವರಿಯಿಂದ ಎರಡು ಮಕ್ಕಳಿಗೆ ಅವಕಾಶ ಸಿಕ್ಕಿತು. ನಡುವಿನ ಮೂರೂವರೆ ದಶಕಗಳಲ್ಲಿ ನಗರಗಳಲ್ಲಿ ಒಂದು ತಲೆಮಾರು ಅಣ್ಣ-ತಮ್ಮ, ಅಕ್ಕ-ತಂಗಿ ಇಲ್ಲದೆಯೇ ಬೆಳೆಯಿತು. ಇದನ್ನು ಚೀನಾದಲ್ಲಿ ‘4-2-1’ ಕುಟುಂಬ ಎನ್ನುತ್ತಾರೆ. ಇಬ್ಬರು ಅಜ್ಜಂದಿರು, ಇಬ್ಬರು ಅಜ್ಜಿಯರು, ಅಪ್ಪ, ಅಮ್ಮ, ಮತ್ತು ಒಂದು ಮಗು. ಆರು ಜನರ ಮುದ್ದೂ ಒಂದೇ ಮಗುವಿಗೆ. ಆರು ಜನರ ನಿರೀಕ್ಷೆಯೂ ಅದೇ ಮಗುವಿನ ಮೇಲೆ. 2020ರ ಜನಗಣತಿಯ ಪ್ರಕಾರ ಚೀನಾದಲ್ಲಿ 60 ವರ್ಷ ದಾಟಿದವರು ಸುಮಾರು 26 ಕೋಟಿ 40 ಲಕ್ಷ, ಅಂದರೆ ಜನಸಂಖ್ಯೆಯ ಶೇ. 18.7. ಇವರನ್ನೆಲ್ಲ ನೋಡಿಕೊಳ್ಳುವ ಹೊಣೆ ಹೆಚ್ಚಾಗಿ ಕುಟುಂಬಗಳ ಮೇಲೆಯೇ ಇದೆ.

ವನೆಸ್ಸಾ ಫಾಂಗ್ ಎಂಬ ಮಾನವಶಾಸ್ತ್ರಜ್ಞೆ ಚೀನಾದ ಡಾಲಿಯನ್ ನಗರದಲ್ಲಿ ಇಂತಹ ಹದಿಹರೆಯದವರ ಜೊತೆ ದೀರ್ಘಕಾಲ ಒಡನಾಡಿ, 2004ರಲ್ಲಿ ‘ಓನ್ಲಿ ಹೋಪ್’ ಎಂಬ ಪುಸ್ತಕ ಪ್ರಕಟಿಸಿದರು. ಹೆಸರೇ ಹೇಳುವಂತೆ, ಈ ಮಕ್ಕಳು ಹೆತ್ತವರ ಏಕೈಕ ಭರವಸೆ. ಅವರ ಅಧ್ಯಯನದಲ್ಲಿ ವಿದ್ಯಾರ್ಥಿನಿಯರು ಗಮನಿಸಬೇಕಾದ ಒಂದು ಸಂಗತಿಯಿದೆ. ಹಿಂದಿನ ಪದ್ಧತಿಯಲ್ಲಿ ಹೆತ್ತವರ ಹೊಣೆ ಮಗನದು. ಮದುವೆಯಾದ ಮಗಳು ಗಂಡನ ಮನೆಯ ಹಿರಿಯರ ಸೇವೆಗೆ ಸೇರಿದವಳು. ಹಾಗಾಗಿ ಮಗಳನ್ನು ಓದಿಸುವುದು ದಂಡ ಎಂಬ ಭಾವನೆಯಿತ್ತು. ಒಬ್ಬಳೇ ಮಗಳಿರುವ ಮನೆಯಲ್ಲಿ ಈ ಲೆಕ್ಕ ಬದಲಾಯಿತು. ಮುಪ್ಪಿನಲ್ಲಿ ನೋಡಿಕೊಳ್ಳುವವಳು ಅವಳೇ ಆದ್ದರಿಂದ ನಗರದ ಹೆತ್ತವರು ಮಗಳ ಓದಿಗೆ ಮಗನಷ್ಟೇ ಖರ್ಚು ಮಾಡತೊಡಗಿದರು. ಹೊಣೆ ಬಂದಾಗ ಅದರ ಜೊತೆ ಅವಕಾಶವೂ ಬಂತು. ಒತ್ತಡವೂ ಬಂತು.

ಆ ಒತ್ತಡ ಎದ್ದು ಕಾಣುವುದು ‘ಗಾವೊಕಾವೊ’ ಪರೀಕ್ಷೆಯಲ್ಲಿ. ಅದು ಕಾಲೇಜು ಪ್ರವೇಶಕ್ಕಾಗಿ ಪ್ರತಿ ವರ್ಷ ಜೂನ್ 7ರಂದು ಆರಂಭವಾಗುವ ರಾಷ್ಟ್ರೀಯ ಪರೀಕ್ಷೆ. ಸಾಂಸ್ಕೃತಿಕ ಕ್ರಾಂತಿಯಲ್ಲಿ ನಿಂತುಹೋಗಿ 1977ರಲ್ಲಿ ಮತ್ತೆ ಶುರುವಾಯಿತು. 2024ರಲ್ಲಿ ಇದಕ್ಕೆ ಹೆಸರು ನೋಂದಾಯಿಸಿದವರು ಸುಮಾರು 1 ಕೋಟಿ 34 ಲಕ್ಷ. ಅನ್‌ಹುಯಿ ಪ್ರಾಂತ್ಯದ ಮಾವೊತಾನ್‌ಚಾಂಗ್ ಎಂಬ ಸಣ್ಣ ಪಟ್ಟಣದ ಶಾಲೆ ಈ ಪರೀಕ್ಷೆಯ ತರಬೇತಿಗೇ ಹೆಸರಾಗಿದೆ. ಮಕ್ಕಳ ಜೊತೆಗಿರಲು ಅನೇಕ ತಾಯಂದಿರು ಅಲ್ಲಿ ಬಾಡಿಗೆ ಕೋಣೆ ಹಿಡಿದು, ಅಡುಗೆ ಮಾಡಿ ಹಾಕುತ್ತಾ ತಿಂಗಳುಗಟ್ಟಲೆ ಇರುತ್ತಾರೆ. ಅಮ್ಮ ಕೆಲಸ ಬಿಟ್ಟು, ಊರು ಬಿಟ್ಟು, ಒಂದೇ ಕೋಣೆಯಲ್ಲಿ ತನಗಾಗಿ ಕಾಯುತ್ತಿದ್ದಾಳೆ ಎಂದು ಗೊತ್ತಿರುವ ಹುಡುಗನಿಗೆ ಪರೀಕ್ಷೆ ಬರೀ ಪರೀಕ್ಷೆಯಾಗಿ ಉಳಿಯುವುದಿಲ್ಲ. ಅದು ಸಾಲ ತೀರಿಸುವ ದಿನವಾಗುತ್ತದೆ.

ಈ ಮಾತು ಬರೆಯುವಾಗ ನನಗೆ ಫಲಿತಾಂಶದ ವಾರ ನೆನಪಾಗುತ್ತದೆ. “ಮಾರ್ಕ್ಸ್ ಹೋದ್ರೆ ಹೋಗ್ಲಿ ಮೇಡಂ, ಅಬ್ಬನಿಗೆ ಮುಖ ತೋರಿಸೋದು ಹೇಗೆ?” ಎಂಬ ಪ್ರಶ್ನೆಯನ್ನು ನಾನು ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಚೀನಾದ ಸಂಶೋಧನೆ ನಮಗೂ ಏಕೆ ಓದತಕ್ಕದ್ದು ಎಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ಒಂದೇ ಮಾತು, ಎರಡು ಎಳೆ

ಈಗ ಮನಃಶಾಸ್ತ್ರಕ್ಕೆ ಬರೋಣ. ಮೊದಮೊದಲು ಸಂಶೋಧಕರಿಗೆ ಒಂದು ಗೊಂದಲ ಎದುರಾಯಿತು. ಹಾಂಗ್‌ಕಾಂಗ್‌ನ ಮನಃಶಾಸ್ತ್ರಜ್ಞ ಡೇವಿಡ್ ಹೋ ಅವರ ಅಧ್ಯಯನಗಳಲ್ಲಿ ಶಿಯಾವ್‌ನ ಸಾಂಪ್ರದಾಯಿಕ ಮನೋಭಾವ ಗಾಢವಾಗಿರುವವರು ಹಠಮಾರಿ ಸಂಪ್ರದಾಯವಾದಿಗಳಾಗಿರುವುದು, ಹೊಸ ವಿಚಾರಕ್ಕೆ ಮನಸ್ಸು ತೆರೆಯದಿರುವುದು, ಮಕ್ಕಳನ್ನು ಅತಿಯಾಗಿ ಹತೋಟಿಯಲ್ಲಿಡುವುದು ಕಂಡುಬಂತು. ಬೇರೆ ಸಂಶೋಧಕರಿಗೆ ಇದರ ವಿರುದ್ಧವಾದದ್ದು ಕಂಡಿತು. ಶಿಯಾವ್ ಹೆಚ್ಚಿರುವ ಮಕ್ಕಳು ಹೆತ್ತವರೊಂದಿಗೆ ಹೆಚ್ಚು ಆಪ್ತರಾಗಿದ್ದರು, ಬದುಕಿನಲ್ಲಿ ಹೆಚ್ಚು ತೃಪ್ತರಾಗಿದ್ದರು. ಹಾಗಾದರೆ ಯಾರ ಮಾತು ಸರಿ?

ತೈವಾನಿನ ಅಕಾಡೆಮಿಯಾ ಸಿನಿಕಾ ಸಂಸ್ಥೆಯ ಯೆ ಕ್ವಾಂಗ್-ಹುಯಿ ಅವರು ಓಲ್ವೆನ್ ಬೆಡ್‌ಫರ್ಡ್ ಅವರೊಂದಿಗೆ 2003ರಲ್ಲಿ ಇದಕ್ಕೆ ಒಂದು ಸರಳ ಉತ್ತರ ಕೊಟ್ಟರು. ಇಬ್ಬರ ಮಾತೂ ಸರಿ. ಏಕೆಂದರೆ ಅವರು ಅಳೆಯುತ್ತಿದ್ದದ್ದು ಬೇರೆ ಬೇರೆ ವಸ್ತುಗಳನ್ನು. ಶಿಯಾವ್ ಎಂಬ ಒಂದೇ ಹೆಸರಿನೊಳಗೆ ಎರಡು ಎಳೆಗಳಿವೆ.

ಮೊದಲನೆಯದು ಪರಸ್ಪರತೆಯ ಎಳೆ. ಹೆತ್ತವರು ನನ್ನನ್ನು ಸಾಕಿ ಸಲಹಿದ್ದಾರೆ, ಅವರ ಮೇಲೆ ನನಗೆ ಪ್ರೀತಿಯಿದೆ, ಕೃತಜ್ಞತೆಯಿದೆ, ಅವರ ಆರೋಗ್ಯದ ಬಗ್ಗೆ ಕಾಳಜಿಯಿದೆ, ಅವರು ದಣಿದಾಗ ನಾನಾಗಿಯೇ ಕೈಜೋಡಿಸುತ್ತೇನೆ. ಇದು ಒಟ್ಟಿಗೆ ಕಳೆದ ದಿನಗಳಿಂದ, ಸಿಕ್ಕ ಅಕ್ಕರೆಯಿಂದ ಹುಟ್ಟುತ್ತದೆ.

ಎರಡನೆಯದು ಅಧಿಕಾರದ ಎಳೆ. ಹೆತ್ತವರು ಹಿರಿಯರು, ನಾನು ಕಿರಿಯ, ಆದ್ದರಿಂದ ನನ್ನ ಇಷ್ಟವನ್ನು ಅದುಮಿಟ್ಟು ಅವರ ಇಷ್ಟವನ್ನು ನೆರವೇರಿಸಬೇಕು, ಮನೆತನದ ಹೆಸರು ಉಳಿಸಬೇಕು, ವಂಶ ಮುಂದುವರಿಸಲು ಮಗನೇ ಬೇಕು. ಇದು ಸ್ಥಾನಮಾನದಿಂದ, ಸಮಾಜ ಏನೆನ್ನುತ್ತದೋ ಎಂಬ ಭಯದಿಂದ ಹುಟ್ಟುತ್ತದೆ.

ಮುಂದಿನ ಎರಡು ದಶಕಗಳಲ್ಲಿ ತೈವಾನ್, ಹಾಂಗ್‌ಕಾಂಗ್ ಮತ್ತು ಚೀನಾದಲ್ಲಿ ಈ ಮಾದರಿಯನ್ನು ಹಿಡಿದು ಅನೇಕ ಅಧ್ಯಯನಗಳು ನಡೆದವು. ಮೊದಲ ಎಳೆ ಗಟ್ಟಿಯಿರುವ ಮಕ್ಕಳಲ್ಲಿ ಮನೆಯ ಸಂಬಂಧಗಳು ಚೆನ್ನಾಗಿರುವುದು, ಜೀವನತೃಪ್ತಿ ಹೆಚ್ಚಿರುವುದು, ಖಿನ್ನತೆ ಕಡಿಮೆಯಿರುವುದು ಸಾಕಷ್ಟು ಸ್ಥಿರವಾಗಿ ಕಂಡುಬಂದಿದೆ. ಎರಡನೆಯ ಎಳೆಯ ಫಲಿತಾಂಶ ಮಿಶ್ರವಾಗಿದೆ. ಹಲವು ಅಧ್ಯಯನಗಳಲ್ಲಿ ಅದು ಆತಂಕ ಮತ್ತು ಖಿನ್ನತೆಯ ಜೊತೆ ಸೇರಿ ಬರುತ್ತದೆ. ಕೆಲವು ಕಡೆ ಅಷ್ಟಾಗಿ ಹಾನಿ ಕಾಣುವುದಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಬೇಕು. ಮೊದಲನೆಯದು, ಈ ಅಧ್ಯಯನಗಳಲ್ಲಿ ಹೆಚ್ಚಿನವು ಪ್ರಶ್ನಾವಳಿಗೆ ವಿದ್ಯಾರ್ಥಿಗಳೇ ಕೊಟ್ಟ ಉತ್ತರಗಳನ್ನು ಆಧರಿಸಿವೆ. ಎರಡು ಸಂಗತಿಗಳು ಜೊತೆಜೊತೆಗೆ ಕಂಡವು ಎಂದರೆ ಒಂದು ಇನ್ನೊಂದಕ್ಕೆ ಕಾರಣ ಎಂದಾಗುವುದಿಲ್ಲ. ಅಕ್ಕರೆಯ ಮನೆ ಕೃತಜ್ಞತೆಯನ್ನೂ ನೆಮ್ಮದಿಯನ್ನೂ ಒಟ್ಟಿಗೇ ಕೊಟ್ಟಿರಬಹುದು. ಎರಡನೆಯದು, ಈ ಎಳೆಗಳು ಒಳ್ಳೆಯ ಮಕ್ಕಳು, ಕೆಟ್ಟ ಮಕ್ಕಳು ಎಂಬ ವಿಭಾಗವಲ್ಲ. ಒಬ್ಬನೇ ಮನುಷ್ಯನಲ್ಲಿ ಎರಡೂ ಹೆಣೆದುಕೊಂಡಿರುತ್ತವೆ. ಯಾವುದು ಎಷ್ಟು ಎಂಬುದಷ್ಟೇ ವ್ಯತ್ಯಾಸ. ತೊಂದರೆ ಶುರುವಾಗುವುದು ಮೊದಲ ಎಳೆ ಸವೆದು ಎರಡನೆಯದು ಮಾತ್ರ ಉಳಿದಾಗ, ಅಂದರೆ ಪ್ರೀತಿ ಇಲ್ಲದೆ ಕರ್ತವ್ಯ ಮಾತ್ರ ಇದ್ದಾಗ.

ಬಿಗಿ ಇದ್ದಲ್ಲೆಲ್ಲ ಕ್ರೌರ್ಯವಿಲ್ಲ

ಇಷ್ಟು ಓದಿದವರು ಚೀನೀ ಹೆತ್ತವರು ಬರೀ ಒತ್ತಡ ಹಾಕುವವರು ಎಂದುಕೊಂಡರೆ ಅದು ಅನ್ಯಾಯ. ಅಮೆರಿಕದಲ್ಲಿ ನೆಲೆಸಿರುವ ಮನಃಶಾಸ್ತ್ರಜ್ಞೆ ರೂತ್ ಚಾವ್ 1994ರಲ್ಲಿ ಇದರ ಬಗ್ಗೆ ಒಂದು ಪ್ರಸಿದ್ಧ ಪ್ರಬಂಧ ಪ್ರಕಟಿಸಿದರು. ಪಾಶ್ಚಾತ್ಯ ಮಾಪನದಲ್ಲಿ ಚೀನೀ ತಾಯಂದಿರು ‘ಸರ್ವಾಧಿಕಾರಿ’ ಹೆತ್ತವರ ಗುಂಪಿಗೆ ಬೀಳುತ್ತಿದ್ದರು. ಆದರೆ ಅವರ ಮಕ್ಕಳು ಶಾಲೆಯಲ್ಲಿ ಚೆನ್ನಾಗಿ ಓದುತ್ತಿದ್ದರು. ಆ ಮಾಪನದ ಪ್ರಕಾರ ಹಾಗಾಗಬಾರದಿತ್ತು. ಚಾವ್ ಅವರು ‘ಗುವಾನ್’ ಎಂಬ ಚೀನೀ ಪದದತ್ತ ಬೊಟ್ಟು ಮಾಡಿದರು. ಅದಕ್ಕೆ ಹತೋಟಿಯಲ್ಲಿಡು ಎಂಬ ಅರ್ಥವೂ ಇದೆ, ಕಾಳಜಿಯಿಂದ ನೋಡಿಕೋ ಎಂಬ ಅರ್ಥವೂ ಇದೆ. ಜೊತೆಗಿದ್ದು, ತಿದ್ದಿ, ತರಬೇತು ಕೊಡುವ ಬಿಗಿಯನ್ನು ಮಗು ಪ್ರೀತಿಯೆಂದೇ ಅರ್ಥ ಮಾಡಿಕೊಳ್ಳಬಲ್ಲದು. “ನನ್ನ ಅಮ್ಮ ಬೈಯುವುದು ನನ್ನ ಒಳ್ಳೆಯದಕ್ಕೆ” ಎಂದು ಮಗುವಿಗೆ ಒಳಗಿನಿಂದ ಅನ್ನಿಸಿದರೆ ಆ ಬೈಗುಳ ಬೇರೆ. ಹಾಗನ್ನಿಸದಿದ್ದರೆ ಅದೇ ಬೈಗುಳ ಬೇರೆ.

ಆದ್ದರಿಂದ ಮನೆಯಲ್ಲಿ ಶಿಸ್ತು ಎಷ್ಟಿದೆ ಎಂಬ ಒಂದೇ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. ಶಿಸ್ತಿನ ಜೊತೆ ಅಕ್ಕರೆ ಇದೆಯೇ, ಮಾತಿಗೆ ಜಾಗ ಇದೆಯೇ ಎಂದೂ ಕೇಳಬೇಕು.

ಜೊತೆಗಿರುವುದು ಎಷ್ಟು ಮುಖ್ಯ ಎಂಬುದಕ್ಕೆ ಚೀನಾದ ಹಳ್ಳಿಗಳೂ ಉದಾಹರಣೆ. ಕೆಲಸಕ್ಕಾಗಿ ಹೆತ್ತವರು ದೂರದ ನಗರಗಳಿಗೆ ಹೋದಾಗ ಅಜ್ಜ-ಅಜ್ಜಿಯರ ಬಳಿ ಉಳಿಯುವ ಮಕ್ಕಳನ್ನು ಅಲ್ಲಿ ‘ಉಳಿದುಹೋದ ಮಕ್ಕಳು’ ಎನ್ನುತ್ತಾರೆ. 2010ರ ಜನಗಣತಿಯನ್ನು ಆಧರಿಸಿದ ಅಂದಾಜಿನಂತೆ ಅವರ ಸಂಖ್ಯೆ ಸುಮಾರು 6 ಕೋಟಿ 10 ಲಕ್ಷ ಇತ್ತು. ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ 2018ರಲ್ಲಿ ಇಂತಹ ಮಕ್ಕಳ ಬಗೆಗಿನ ಅಧ್ಯಯನಗಳ ಒಂದು ದೊಡ್ಡ ಪರಿಶೀಲನೆಯನ್ನು ಪ್ರಕಟಿಸಿತು. ಅದರಲ್ಲಿ ಹೆಚ್ಚಿನ ಅಧ್ಯಯನಗಳು ಚೀನಾದವೇ. ಹೆತ್ತವರು ಜೊತೆಗಿರುವ ಮಕ್ಕಳಿಗೆ ಹೋಲಿಸಿದರೆ ಇವರಲ್ಲಿ ಖಿನ್ನತೆ ಮತ್ತು ಆತಂಕ ಹೆಚ್ಚು ಎಂದು ಅದು ತೋರಿಸಿತು. ಮನೆಗೆ ಹಣ ತಪ್ಪದೆ ಬಂದರೂ ಮಕ್ಕಳಿಗೆ ಜೊತೆ ಬೇಕು. ತಂದೆ ಗಲ್ಫಿನಲ್ಲಿರುವ ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ದಿನಕ್ಕೊಂದು ಫೋನು ಕರೆ ಇಬ್ಬರಿಗೂ ಏನು ಕೊಡುತ್ತದೆ ಎಂಬುದು ಅವರಿಗೇ ಚೆನ್ನಾಗಿ ಗೊತ್ತು.

ಪ್ರೀತಿಗೆ ಕಾನೂನು ಮಾಡಬಹುದೇ?

ಮಕ್ಕಳು ದೂರವಾದಾಗ ಹೆತ್ತವರ ಮನಸ್ಸೂ ಸೊರಗುತ್ತದೆ. ಇದನ್ನು ಕಂಡು ಚೀನಾ ತನ್ನ ಹಿರಿಯರ ಹಕ್ಕುಗಳ ರಕ್ಷಣಾ ಕಾನೂನನ್ನು ತಿದ್ದಿತು. 2013ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಬೇರೆ ಇರುವ ಕುಟುಂಬ ಸದಸ್ಯರು ಹಿರಿಯರನ್ನು ಆಗಾಗ ಭೇಟಿಯಾಗಬೇಕು, ಇಲ್ಲವೇ ವಿಚಾರಿಸಿಕೊಳ್ಳಬೇಕು. ಅದೇ ದಿನಗಳಲ್ಲಿ ವುಶಿ ನಗರದ ನ್ಯಾಯಾಲಯವೊಂದು 77 ವರ್ಷದ ವೃದ್ಧೆಯ ದೂರಿನ ಮೇಲೆ, ಆಕೆಯನ್ನು ನಿಯಮಿತವಾಗಿ ನೋಡಲು ಹೋಗಬೇಕೆಂದು ಮಗಳಿಗೆ ಆದೇಶಿಸಿತು. ಚೀನಾದಲ್ಲಿ ಇದರ ಬಗ್ಗೆ ಬಹಳ ಚರ್ಚೆಯಾಯಿತು. ಕೋರ್ಟಿನ ಆದೇಶಕ್ಕೆ ಹೆದರಿ ಬಾಗಿಲಿಗೆ ಬಂದು ನಿಂತ ಮಗಳಿಂದ ಆ ತಾಯಿಗೆ ಸಿಗುವುದೇನು ಎಂದು ಕೆಲವರು ಕೇಳಿದರು. ಏನೂ ಇಲ್ಲದಿರುವುದಕ್ಕಿಂತ ಅದಾದರೂ ಇರಲಿ ಎಂದು ಕೆಲವರು ಹೇಳಿದರು.

ನನಗೆ ಹೆಚ್ಚು ಹಿಡಿಸಿದ್ದು ಬೇರೊಂದು ಪ್ರಯತ್ನ. 2012ರಲ್ಲಿ ಅಖಿಲ ಚೀನಾ ಮಹಿಳಾ ಒಕ್ಕೂಟ ಮತ್ತು ಹಿರಿಯರಿಗಾಗಿ ಕೆಲಸ ಮಾಡುವ ಸರ್ಕಾರಿ ಸಂಸ್ಥೆ ಸೇರಿ ‘ಹೊಸ ಇಪ್ಪತ್ನಾಲ್ಕು’ ಎಂಬ ಪಟ್ಟಿಯನ್ನು ಹೊರಡಿಸಿದವು. ಅದರಲ್ಲಿ ಸೊಳ್ಳೆಗೆ ಮೈಯೊಡ್ಡುವ ಮಾತಿಲ್ಲ, ಮಗುವನ್ನು ಹೂಳುವ ಮಾತಿಲ್ಲ. ಹೆತ್ತವರಿಗೆ ಇಂಟರ್ನೆಟ್ ಬಳಸಲು ಕಲಿಸಿ, ವಾರಕ್ಕೊಮ್ಮೆ ಫೋನ್ ಮಾಡಿ, ಅವರ ಹಳೆಯ ಕಥೆಗಳನ್ನು ಕೂತು ಕೇಳಿ, ನಿಮ್ಮ ಕೈಯಾರೆ ಅಡುಗೆ ಮಾಡಿ ಬಡಿಸಿ, ಹಳೆಯ ಸಿನಿಮಾಕ್ಕೆ ಕರೆದುಕೊಂಡು ಹೋಗಿ, ಒಂಟಿಯಾದ ಹೆತ್ತವರು ಮರುಮದುವೆಯಾಗ ಬಯಸಿದರೆ ಬೆಂಬಲಿಸಿ ಎಂಬಂಥ ಸಲಹೆಗಳಿವೆ. ಕೆಲವರು ಇದನ್ನು ನೋಡಿ ನಕ್ಕರು. ಆದರೆ ಹಳೆಯ ಪಟ್ಟಿಯಲ್ಲಿ ಹೆಚ್ಚಾಗಿ ತ್ಯಾಗವಿತ್ತು, ಹೊಸ ಪಟ್ಟಿಯಲ್ಲಿ ಹೆಚ್ಚಾಗಿ ಒಡನಾಟವಿದೆ. ಎರಡನೆಯ ಎಳೆಯಿಂದ ಮೊದಲ ಎಳೆಯ ಕಡೆಗೆ ಒಂದು ಹೆಜ್ಜೆ ಎಂದೇ ನಾನು ಅದನ್ನು ಓದುತ್ತೇನೆ.

ಹಾಗಾದರೆ ನಾವೇನು ಕಲಿಯಬಹುದು?

ಹೆತ್ತವರ ಋಣ ಎಂಬುದು ಪರೀಕ್ಷೆಯ ಅಂಕದಲ್ಲಿ ತೀರಿಸುವ ಸಾಲವಲ್ಲ. ಚೀನೀ ಕುಟುಂಬಗಳ ಅಧ್ಯಯನದಿಂದ ನಾನು ಕಲಿತ ಮುಖ್ಯ ಪಾಠ ಇದು. ಹೆತ್ತವರನ್ನು ಪ್ರೀತಿಸುವುದೂ ಅವರ ಒಂದು ನಿರ್ಧಾರವನ್ನು ಒಪ್ಪದಿರುವುದೂ ಒಬ್ಬನೇ ಮಗನಲ್ಲಿ, ಒಬ್ಬಳೇ ಮಗಳಲ್ಲಿ ಒಟ್ಟಿಗೆ ಇರಬಲ್ಲವು. ವಿಜ್ಞಾನ ಬೇಡ, ವಾಣಿಜ್ಯ ಓದುತ್ತೇನೆ ಎಂದು ಗೌರವದಿಂದ ಹೇಳುವ ಮಗಳು ಹೆತ್ತವರಿಗೆ ಅಗೌರವ ತೋರಿಸುತ್ತಿಲ್ಲ. ಹೇಳದೆ ಒಳಗೇ ಕೊರಗಿ, ಓದೂ ಆಗದೆ ನಿದ್ದೆಯೂ ಇಲ್ಲದೆ ಸವೆಯುವುದರಿಂದ ಹೆತ್ತವರಿಗೂ ಸಂತೋಷ ಸಿಗುವುದಿಲ್ಲ. ಝೆಂಗ್‌ಜಿಯ ಗುರು ಸಿಟ್ಟಾದದ್ದೂ ಇದೇ ಕಾರಣಕ್ಕೆ.

ಮನಸ್ಸು ಭಾರವಾದಾಗ ನಿಮ್ಮನ್ನು ನೀವೇ ಎರಡು ಪ್ರಶ್ನೆ ಕೇಳಿಕೊಳ್ಳಿ. ನಾನು ಇದನ್ನು ಮಾಡುತ್ತಿರುವುದು ಅವರ ಮೇಲಿನ ಅಕ್ಕರೆಯಿಂದಲೋ, ಅವರ ಸಿಟ್ಟಿನ ಅಥವಾ ನೆಂಟರ ಮಾತಿನ ಭಯದಿಂದಲೋ? ನನ್ನ ಕಷ್ಟವನ್ನು ಅವರಿಗೆ ಒಮ್ಮೆಯಾದರೂ ನೇರವಾಗಿ ಹೇಳಿದ್ದೇನೆಯೇ? ಎರಡನೆಯ ಪ್ರಶ್ನೆಗೆ ‘ಇಲ್ಲ’ ಎಂದು ಉತ್ತರ ಬಂದರೆ ಅಲ್ಲಿಂದಲೇ ಶುರು ಮಾಡಿ. ಅಬ್ಬನ ಬಳಿ ಹೇಳಲು ಧೈರ್ಯವಿಲ್ಲದಿದ್ದರೆ ಮೊದಲು ಉಮ್ಮನ ಬಳಿ, ಇಲ್ಲವೇ ಅಕ್ಕನ ಬಳಿ, ಮಾವನ ಬಳಿ, ನಿಮಗೆ ನಂಬಿಕೆಯಿರುವ ಒಬ್ಬ ಉಪನ್ಯಾಸಕರ ಬಳಿ ಹೇಳಿ. ಬದುಕೇ ಬೇಡ ಅನ್ನಿಸುವಷ್ಟು ಮನಸ್ಸು ಕುಗ್ಗಿದರೆ ಕಾಯಬೇಡಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಸಹೋದ್ಯೋಗಿಗಳಿಗೂ ಒಂದು ಮಾತು. ಪೋಷಕರ ಸಭೆಯಲ್ಲಿ ನಾವು ಸಾಮಾನ್ಯವಾಗಿ ಅಂಕಪಟ್ಟಿಯನ್ನು ಮುಂದಿಟ್ಟೇ ಮಾತು ಶುರು ಮಾಡುತ್ತೇವೆ. ಮಗುವಿನ ಎದುರಿಗೇ “ನಿಮ್ಮ ತಂದೆ ಎಷ್ಟು ಕಷ್ಟಪಡುತ್ತಾರೆ, ನೋಡು” ಎನ್ನುತ್ತೇವೆ. ಆ ಮಾತು ಸುಳ್ಳಲ್ಲ. ಆದರೆ ಅದು ಮಗುವಿನ ಕಿವಿಗೆ ಕೃತಜ್ಞತೆಯ ಪಾಠವಾಗಿ ಬೀಳುತ್ತದೋ ಸಾಲದ ನೋಟೀಸಾಗಿ ಬೀಳುತ್ತದೋ ಎಂಬುದು ನಾವು ಹೇಳುವ ಧಾಟಿಯ ಮೇಲಿದೆ. ಮಗು ಆ ವರ್ಷ ಮಾಡಿದ ಒಂದು ಒಳ್ಳೆಯ ಕೆಲಸವನ್ನು ಮೊದಲು ಹೇಳಿ, ಆಮೇಲೆ ಅಂಕಪಟ್ಟಿ ತೆರೆದರೂ ತಡವೇನಿಲ್ಲ.

ಇನ್ನು ವಿದ್ಯಾರ್ಥಿಗಳಿಗೆ ಒಂದು ಸಣ್ಣ ಮನೆಗೆಲಸ. ಇದಕ್ಕೆ ಅಂಕವಿಲ್ಲ. ಈ ವಾರ ಒಂದು ಸಂಜೆ ಮೊಬೈಲ್ ಬದಿಗಿಟ್ಟು, ನಿಮ್ಮ ವಯಸ್ಸಿನಲ್ಲಿ ಅವರು ಏನಾಗಬೇಕೆಂದುಕೊಂಡಿದ್ದರು ಎಂದು ಉಮ್ಮನನ್ನೋ ಅಬ್ಬನನ್ನೋ ಕೇಳಿ. ಅವರು ಹೇಳುವುದನ್ನು ಪೂರ್ತಿ ಕೇಳಿ. ಆಮೇಲೆ ನೀವು ಏನಾಗಬೇಕೆಂದುಕೊಂಡಿದ್ದೀರಿ ಎಂದು ಹೇಳಿ.